ಎರಡನೇ ಸಲ ಕೇಳಬಾರದು

ಪ್ರೀತಿಸಿದವನು ಬರೆದ ಕೋಡನ್ನು ಓದದೆ ಒಪ್ಪಿಗೆ ಕೊಡಬಾರದು. ಕಾಲೇಜಿನಲ್ಲಿ ಬೇಕಿಲ್ಲದ್ದನ್ನೆಲ್ಲ ತಲೆಗೆ ತುಂಬಿದರು, ಇದೊಂದನ್ನು ಮಾತ್ರ ಯಾರೂ ಹೇಳಿಕೊಡಲಿಲ್ಲ. ಅದರ ಫಲವಾಗಿ ಬ್ಯಾಟರಾಯನಪುರದ ನಮ್ಮ ಹೋಟೆಲಿನಲ್ಲಿ ಒಂದು ಭಾನುವಾರ ಆದದ್ದನ್ನು ಅವತ್ತು ಊಟಕ್ಕೆ ಬಂದಿದ್ದವರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ನಗಲಿ. ಅವರ ಗಂಟೇನು ಹೋಗಬೇಕು, ನಿಂತುಹೋಗುವುದರಲ್ಲಿದ್ದದ್ದು ನನ್ನ ಮದುವೆ.

ನಾನು ಧನಲಕ್ಷ್ಮಿ. ಹೆಬ್ಬಾಳದಲ್ಲಿ ಟೈರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನರೇಂದ್ರ ಅನ್ನುವವರು ಒಂದು ಪುಟ್ಟ ಕಂಪನಿ ಇಟ್ಟಿದ್ದಾರೆ. ಅಲ್ಲಿ ನಾವು ರಾಗಿ ಮುದ್ದೆ ಮಾಡುವ ಮಷೀನು ತಯಾರಿಸುತ್ತೇವೆ. ಪರದೆಯ ಮೇಲೆ ತೂಕ ಒತ್ತಿದರೆ ಒಳಗೆ ನೀರು ಕಾದು, ಹಿಟ್ಟು ಬಿದ್ದು, ತೊಳಸಿ, ಉಂಡೆ ಕಟ್ಟಿ ತಟ್ಟೆಗೆ ಹಾಕುತ್ತದೆ. ಪರದೆಯ ಕೆಲಸ ನರೇಂದ್ರರದು. ಮಷೀನಿನ ಒಳಗಿನ ಕಂಪ್ಯೂಟರನ್ನು ಪಳಗಿಸುವ ಕೆಲಸ ನನ್ನದು ಮತ್ತು ಶರಣುವಿನದು. ಅವನು ಬರೆಯಬೇಕು, ನಾನು ಓದಿ ತಪ್ಪು ಹುಡುಕಬೇಕು. ತಪ್ಪು ಹುಡುಕುವುದಕ್ಕೆ ನನ್ನಷ್ಟು ಲಾಯಕ್ಕಾದವಳು ಬೇರೆ ಇಲ್ಲ ಎಂದು ಮನೆಯವರೂ ಒಪ್ಪುತ್ತಾರೆ.

ಶರಣು ಇಳಕಲ್ ಕಡೆಯವನು. ಅವನ ಅಪ್ಪನಿಗೆ ಯಶವಂತಪುರದ ಕಡೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದಾಗ ಸಂಸಾರವೆಲ್ಲ ಬಂದು ಅಟ್ಟೂರಿನಲ್ಲಿ ನೆಲೆಯಾಯಿತು. ರೊಟ್ಟಿ ತಿಂದು ಬೆಳೆದವನು ಮುದ್ದೆ ಮಷೀನಿಗೆ ಕೋಡು ಬರೆಯುತ್ತಾನಲ್ಲ ಎಂದು ಮೊದಮೊದಲು ಅವನನ್ನು ಗೋಳು ಹೊಯ್ದುಕೊಳ್ಳುತ್ತಿದ್ದೆ. ಆಮೇಲೆ ಗೋಳು ಹೊಯ್ದುಕೊಳ್ಳಲು ಅವನೇ ಬೇಕು ಅನ್ನಿಸತೊಡಗಿತು. ಅವನ ಮನೆಯಲ್ಲಿ ಒಪ್ಪಿದ್ದರು. ನಮ್ಮ ಅಪ್ಪ ಚಿಕ್ಕಮಾರಯ್ಯ ತಮ್ಮದೇನೂ ಇಲ್ಲ, ಅವ್ವ ಹ್ಞೂಂ ಅಂದರೆ ಆಯಿತು ಎಂದು ಕೈ ತೊಳೆದುಕೊಂಡಿದ್ದರು. ಅಪ್ಪನ ಅವ್ವ ಅಂದರೆ ನನ್ನ ಅಜ್ಜಿ ದೊಡ್ಡಮುನಿಯಮ್ಮ. ಹೋಟೆಲು ಅಜ್ಜಿಯದು, ಮನೆ ಅಜ್ಜಿಯದು, ಮಾತು ಅಜ್ಜಿಯದು. ಜಾತಿ ಬೇರೆ, ಊಟ ಬೇರೆ. ನಮ್ಮದು ಬಾಡು ಬೇಯುವ ಒಲೆ, ಅವರದು ಬದನೆಕಾಯಿ ಎಣ್ಣೆಗಾಯಿ. ಅಜ್ಜಿ ಒಪ್ಪದಿದ್ದರೆ ಈ ಮದುವೆ ಇಲ್ಲ, ಅಷ್ಟೇ.

ಹಾಗಾಗಿ ನಾನೊಂದು ಉಪಾಯ ಮಾಡಿದೆ. ಮಷೀನಿನ ಪರೀಕ್ಷೆಯನ್ನು ನಮ್ಮ ಹೋಟೆಲಿನಲ್ಲೇ ಇಡಿಸುವುದು. ಬಿಸಿಬಿಸಿ ಮುದ್ದೆ ನೋಡಿ ಅಜ್ಜಿ ಖುಷಿಯಾಗುವುದು. ಖುಷಿಯಲ್ಲಿರುವಾಗ ಶರಣು ಮೆಲ್ಲಗೆ ಮಾತೆತ್ತುವುದು. ಇದರಲ್ಲಿ ಎಡವಟ್ಟಾಗುವುದಕ್ಕೆ ಜಾಗವೇ ಇಲ್ಲ ಎಂದುಕೊಂಡಿದ್ದೆ.

ಆದ ಎಡವಟ್ಟು ತಿಳಿಯಬೇಕಾದರೆ ಶರಣುವಿನ ಕೆಲಸ ಏನೆಂದು ಸ್ವಲ್ಪ ಹೇಳಬೇಕು. ನಮ್ಮ ಹೋಟೆಲನ್ನೇ ತೆಗೆದುಕೊಳ್ಳಿ. ಹೊರಗೆ ಗಿರಾಕಿಗಳು, ಒಳಗೆ ಅಡುಗೆಮನೆ. ಗಿರಾಕಿ ಎಷ್ಟೇ ದೊಡ್ಡ ಮನುಷ್ಯನಾದರೂ ಅಡುಗೆಮನೆಗೆ ಕಾಲಿಡುವ ಹಾಗಿಲ್ಲ. ಬೆಂಕಿ, ಕತ್ತಿ, ಗಲ್ಲಾಪೆಟ್ಟಿಗೆ ಎಲ್ಲ ಅಲ್ಲೇ ಇದೆ. ಕಂಪ್ಯೂಟರಿನಲ್ಲೂ ಹಾಗೆಯೇ. ಪರದೆಯಂಥ ಸಾಮಾನ್ಯ ಪ್ರೋಗ್ರಾಂಗಳು ಹೊರಗೆ, ಕರ್ನಲ್ ಅನ್ನುವುದು ಒಳಗೆ. ಇವೆರಡರ ನಡುವೆ ಓಡಾಡುವ ಸಪ್ಲಯರನೇ ಡ್ರೈವರ್ ಎಂಬ ಪ್ರೋಗ್ರಾಂ. ಶರಣು ಬರೆಯುವುದು ಅದನ್ನು.

ತಮಾಷೆ ಏನೆಂದರೆ ಇಲ್ಲಿ ಗಿರಾಕಿ ತನಗೇನು ಬೇಕೆಂದು ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ಮೆಮೊರಿಯಲ್ಲಿ ಇಂಥ ಜಾಗದಲ್ಲಿ ಬರೆದಿದ್ದೇನೆ, ಹೋಗಿ ನೋಡಿಕೋ ಅನ್ನುತ್ತಾನೆ. ಸಪ್ಲಯರ್ ಪೆದ್ದನಾದರೆ ಕೆಟ್ಟ. ಕಿಲಾಡಿ ಗಿರಾಕಿ ಅಡುಗೆಮನೆಯ ಗಲ್ಲಾಪೆಟ್ಟಿಗೆಯನ್ನೇ ತೋರಿಸಿ ಇದು ನನ್ನ ಜಾಗ ಅಂದುಬಿಡಬಹುದು. ಅದಕ್ಕೇ ಮೊದಲು ಆ ಜಾಗ ಗಿರಾಕಿಯದೇ ಹೌದೋ ಎಂದು ನೋಡಬೇಕು. ಅಲ್ಲಿ ಏನೂ ಇಲ್ಲದಿದ್ದರೆ ಕುಸಿದು ಬೀಳದೆ, ಆಗಲಿಲ್ಲ ಎಂದು ಹೇಳಿ ಮರ್ಯಾದೆಯಿಂದ ವಾಪಸ್ಸು ಬರಬೇಕು. ಎಲ್ಲಕ್ಕಿಂತ ಮುಖ್ಯ, ಬರೆದದ್ದನ್ನು ಒಂದೇ ಸಲ ತನ್ನ ಕಡೆಗೆ ನಕಲು ಮಾಡಿಕೊಂಡು ಆ ನಕಲನ್ನೇ ಪರೀಕ್ಷಿಸಿ, ಆ ನಕಲಿನಂತೆಯೇ ಕೆಲಸ ಮಾಡಬೇಕು. ತಿರುಗಿ ಹೋಗಿ ಗಿರಾಕಿಯ ಜಾಗ ನೋಡಬಾರದು. ಅಷ್ಟರಲ್ಲಿ ಅವನು ಅದನ್ನು ಅಳಿಸಿ ಬೇರೆ ಬರೆದಿರುತ್ತಾನೆ.

ಇದು ಈ ಕಸುಬಿನಲ್ಲಿ ಅಆಇಈ. ಶರಣುವಿಗೂ ಗೊತ್ತಿತ್ತು. ಅವನು ಕೋಡು ಕಳಿಸಿದ ದಿನ ಜೊತೆಗೆ ಒಂದು ಡಬ್ಬಿ ಶೇಂಗಾ ಹೋಳಿಗೆಯನ್ನೂ ತಂದುಕೊಟ್ಟ. ನಾನು ಹೋಳಿಗೆ ಪರೀಕ್ಷಿಸಿದೆ, ಬಹಳ ಚೆನ್ನಾಗಿತ್ತು. ಕೋಡಿಗೂ ಒಪ್ಪಿಗೆ ಒತ್ತಿದೆ.

ಆ ಭಾನುವಾರ ಮಷೀನನ್ನು ಹೋಟೆಲಿನ ನಡುಮಧ್ಯೆ ನಿಲ್ಲಿಸಿ ಮಲ್ಲಿಗೆ ಹಾರ ಹಾಕಿದರು. ನರೇಂದ್ರ ಇಸ್ತ್ರಿ ಶರ್ಟು ತೊಟ್ಟು ಬಂದರು. ಮೊದಲ ಮುದ್ದೆ ಅಜ್ಜಿಯದೇ ಆಗಬೇಕೆಂದು ಅಪ್ಪ ಅಜ್ಜಿಯನ್ನು ಕರೆತಂದು ಕುರ್ಚಿಯಲ್ಲಿ ಕೂರಿಸಿದರು. ಅಜ್ಜಿಯ ಊಟದ ವರಸೆ ಊರಿಗೇ ಗೊತ್ತು. ಅರ್ಧ ಮುದ್ದೆ ಸಾಕು ಅನ್ನುತ್ತಾರೆ, ಒಂದು ಉಣ್ಣುತ್ತಾರೆ, ಇನ್ನೊಂದು ಹಾಕಿದರೆ ಬೈಯುತ್ತಾರೆ, ಬೈಯುತ್ತಲೇ ಅದನ್ನೂ ಮುಗಿಸುತ್ತಾರೆ. ಅವತ್ತೂ ಹಾಗೆಯೇ ಅರ್ಧ ಮುದ್ದೆಯ ತೂಕಕ್ಕೆ ಇಟ್ಟು ಸರಿ ಎಂದು ಒತ್ತಿದರು. ಮಷೀನು ಗುಂಯ್ ಎಂದು ನೀರು ಕಾಯಿಸತೊಡಗಿತು.

ನೀರು ಕಾಯಲು ಹೊತ್ತು ಹಿಡಿಯುತ್ತದೆ ತಾನೇ. ಅಜ್ಜಿಗೆ ಸುಮ್ಮನೆ ಕೂರಲು ಬರುವುದಿಲ್ಲ. ಪರದೆಯ ಮೇಲಿನ, ತೂಕ ಕೂಡಿಸುವ ಗುಂಡಿಯನ್ನು ಒಂದು ಸಲ ಒತ್ತಿದರು. ಏನೂ ಆಗಲಿಲ್ಲವೆಂದು ಇನ್ನೊಂದು ಸಲ ಒತ್ತಿದರು. ಆಮೇಲೆ ಪಕ್ಕದ ಮೇಜಿನವರ ಜೊತೆ ಮಾತಾಡುತ್ತಾ, ತಾಳ ಹಾಕಿಕೊಂಡು ಒತ್ತುತ್ತಲೇ ಇದ್ದರು. ನಾನು ನೋಡುತ್ತಿದ್ದೆ. ಡ್ರೈವರ್ ಆಗಲೇ ತೂಕವನ್ನು ನಕಲು ಮಾಡಿಕೊಂಡು ಆಗಿದೆ, ಅಜ್ಜಿ ಸಂಜೆಯವರೆಗೆ ಒತ್ತಿದರೂ ಚಿಂತೆಯಿಲ್ಲ ಎಂದು ನರೇಂದ್ರರಿಗೆ ಧೈರ್ಯ ಕೂಡ ಹೇಳಿದೆ.

ನೀರು ಕಾಯಿತು. ಹಿಟ್ಟು ಬೀಳತೊಡಗಿತು, ಬೀಳುತ್ತಲೇ ಇತ್ತು. ಮಷೀನು ಏದುಸಿರು ಬಿಡುತ್ತಾ ಅಲ್ಲಾಡಿತು, ಮಲ್ಲಿಗೆ ಹಾರ ಕಳಚಿ ಬಿತ್ತು. ಬಾಗಿಲು ತಾನಾಗಿ ತೆರೆದುಕೊಂಡು ಒಂದು ಮುದ್ದೆ ಹೊರಬಂತು. ಅದು ಅರ್ಧ ಮುದ್ದೆಯಲ್ಲ, ನೀರಿನ ಕೊಡದಷ್ಟು ದಪ್ಪದ ಮುದ್ದೆ. ತಟ್ಟೆಯನ್ನು ಮಗುಚಿ, ಮೇಜಿನಿಂದ ಉರುಳಿ, ಹೊಗೆಯಾಡುತ್ತಾ ನೆಲಕ್ಕೆ ಬಿದ್ದು, ಅಪ್ಪ ಕಾಲೆತ್ತಿಕೊಂಡದ್ದರಿಂದ ಅವರ ಕೆಳಗೇ ಹಾದು, ಕೈ ತೊಳೆಯುವ ತೊಟ್ಟಿಗೆ ಗುದ್ದಿ ನಿಂತಿತು. ಗಿರಾಕಿಗಳು ಎದ್ದು ನಿಂತು ಚಪ್ಪಾಳೆ ಹೊಡೆದರು. ಅಜ್ಜಿ ಮಾತ್ರ ಆ ಮುದ್ದೆಯನ್ನೂ ಶರಣುವನ್ನೂ ಒಂದೇ ಕಣ್ಣಿನಿಂದ ನೋಡಿ ಒಳಗೆ ಹೋದರು. ಅವತ್ತು ಮದುವೆಯ ಮಾತೆತ್ತುವ ಹಾಗೇ ಇರಲಿಲ್ಲ.

ಮರುದಿನ ಆಫೀಸಿನಲ್ಲಿ ಕೂತು, ಮೊದಲೇ ಓದಬೇಕಿದ್ದ ಕೋಡನ್ನು ಓದಿದೆ. ತೂಕವನ್ನು ಓದಿದ್ದಾನೆ, ಮಿತಿಯೊಳಗೆ ಇದೆ ಎಂದು ಪರೀಕ್ಷಿಸಿದ್ದಾನೆ. ಜಾಗ ಗಿರಾಕಿಯದೇ ಎಂದು ಕೂಡ ನೋಡಿದ್ದಾನೆ. ಅಲ್ಲಿಯವರೆಗೆ ಚಿನ್ನದಂಥ ಕೆಲಸ. ಆಮೇಲೆ ನೀರು ಕಾಯುವ ತನಕ ಕಾದು, ಹಿಟ್ಟು ಹಾಕುವ ಮುಂಚೆ ತಿರುಗಿ ಗಿರಾಕಿಯ, ಅಂದರೆ ಪರದೆಯ, ಮೆಮೊರಿಗೇ ಹೋಗಿ ತೂಕವನ್ನು ಇನ್ನೊಂದು ಸಲ ಓದಿದ್ದಾನೆ. ಮೊದಲು ಓದಿದ್ದನ್ನು ಪರೀಕ್ಷಿಸಿದ, ಎರಡನೇ ಸಲ ಓದಿದ್ದನ್ನು ಬಡಿಸಿದ. ಎರಡರ ನಡುವೆ ನಮ್ಮ ಅಜ್ಜಿ ತಾಳ ಹಾಕುತ್ತಿದ್ದರು.

ಮೈ ಉರಿದುಹೋಯಿತು. ಯಾಕೆ ಎರಡು ಸಲ ಓದಿದೆ ಎಂದು ಕೇಳಿದೆ. ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಬಡಿಸೂ ಮುಂದ ಇನ್ನೊಮ್ಮೆ ಕೇಳೂದಿಲ್ಲೇನು?" ಅಂದ. "ಒಮ್ಮೆ ಕೇಳಿ ಬಿಟ್ರ ಏನ್ ಚಂದ ಅದು. ಮಂದಿ ಏನಂದಾರು?"

ಆಗ ನನಗೆ ಅವರ ಮನೆ ನೆನಪಾಯಿತು. ಅಟ್ಟೂರಿಗೆ ಊಟಕ್ಕೆ ಹೋದಾಗಲೆಲ್ಲ ಅವನ ಅವ್ವ ಚನ್ನಕ್ಕ ರೊಟ್ಟಿ ಹಿಡಿದುಕೊಂಡು ನಿಂತು ಹಾಕಲೇ ಎಂದು ಕೇಳುತ್ತಾರೆ. ಬೇಡ ಅಂದರೆ ಒಲೆಯ ತನಕ ಹೋಗಿ ತಿರುಗಿ ಬಂದು ಮತ್ತೆ ಕೇಳುತ್ತಾರೆ. ಒಂದೇ ಸಲ ಕೇಳುವುದೆಂದರೆ ಬಂದವರನ್ನು ಬಾಗಿಲಿನಿಂದ ಓಡಿಸಿದ ಹಾಗೆ ಎಂಬುದು ಆ ಮನೆಯ ನಂಬಿಕೆ. ಈ ಮಹಾಶಯ ಆ ಮರ್ಯಾದೆಯನ್ನು ತಂದು ಕರ್ನಲ್ಲಿನ ಒಳಗೆ ಇಟ್ಟಿದ್ದ.

ಅವತ್ತು ನಾನು ಅವನಿಗೆ ಮಾಡಿದ ಪಾಠ ಕೆಳಗಿನ ಟೈರ್ ಅಂಗಡಿಯವರಿಗೂ ಕೇಳಿಸಿರಬೇಕು. ಹೊರಗಿನವರನ್ನು ನಂಬಬೇಡ, ಅವರು ಏನು ಹೇಳಿದರೋ ಅದನ್ನು ಒಂದೇ ಸಲ ತಂದುಕೋ, ಅದನ್ನೇ ನೋಡು, ಅದರಂತೆ ಮಾಡು, ಎರಡನೇ ಸಲ ಹೋಗಿ ಕೇಳಬೇಡ, ಆಗದಿದ್ದರೆ ಮರ್ಯಾದೆಯಿಂದ ವಾಪಸ್ಸು ಬಾ. ಅವನು ಕೈಕಟ್ಟಿಕೊಂಡು ಎಲ್ಲ ಕೇಳಿಸಿಕೊಂಡ. ಕೋಡನ್ನು ತಿದ್ದಿದ. ಈ ಸಲ ನಾನು ಒಂದೊಂದು ಸಾಲನ್ನೂ ಓದಿದೆ, ಹೋಳಿಗೆ ಮುಟ್ಟಲಿಲ್ಲ.

ಪಾಠ ಅವನಿಗೆ ಎಷ್ಟು ನಾಟಿತೆಂದರೆ ಬದುಕಿಗೂ ಅಂಟಿಸಿಕೊಂಡುಬಿಟ್ಟ. ನರೇಂದ್ರ ಒಮ್ಮೆ ಯಾವುದೋ ಗಡಿಬಿಡಿಯಲ್ಲಿ ಟೀ ಬೇಡ ಅಂದರು. ಆಮೇಲೆ ಇವನು ಎಲ್ಲರಿಗೂ ಟೀ ತಂದರೂ ಅವರಿಗೆ ತರಲಿಲ್ಲ. ಅವರು ಬಾಯಿಬಿಟ್ಟು ಕೇಳಲು ನಾಚಿ ಇವನ ಲೋಟವನ್ನೇ ನೋಡುತ್ತಾ ಕೂರುತ್ತಿದ್ದರು. ನನಗೆ ನಗು ಬರುತ್ತಿತ್ತು. ಆಗಲೇ ಎಚ್ಚರವಾಗಬೇಕಿತ್ತು, ಆಗಲಿಲ್ಲ.

ಮುಂದಿನ ಭಾನುವಾರ ಮತ್ತೆ ಮಷೀನು ಬಂತು. ಹೋಟೆಲು ತುಂಬಿ ಹೊರಗೂ ಜನ ನಿಂತಿದ್ದರು. ಊಟಕ್ಕಲ್ಲ, ದೊಡ್ಡ ಮುದ್ದೆ ನೋಡಲು. ಅಜ್ಜಿ ಅರ್ಧ ಮುದ್ದೆಗೆ ಒತ್ತಿದರು. ಈ ಸಲ ಬೇಕೆಂದೇ ಎರಡೂ ಕೈಯಿಂದ ಗುಂಡಿಯನ್ನು ಕುಟ್ಟಿದರು. ನೀರು ಕಾಯಿತು, ಹಿಟ್ಟು ಬಿತ್ತು, ಬಾಗಿಲು ತೆರೆಯಿತು. ಅಂಗೈಯಗಲದ ತಟ್ಟೆಯ ನಡುವೆ ಅಚ್ಚುಕಟ್ಟಾಗಿ ಅರ್ಧ ಮುದ್ದೆ ಕೂತಿತ್ತು. ನೋಡಲು ಬಂದವರು ನಿರಾಶರಾಗಿ ಹೊರಟುಹೋದರು. ಅಜ್ಜಿ ಮುರಿದು, ಸಾರಿಗೆ ಅದ್ದಿ ನುಂಗಿ, ತೊಳಸಿದ್ದು ಚೆನ್ನಾಗಿದೆ, ಗಂಟಿಲ್ಲ ಅಂದರು. ನಮ್ಮ ಅಜ್ಜಿಯ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ನಾನು ಶರಣುವಿಗೆ ಕಣ್ಸನ್ನೆ ಮಾಡಿದೆ. ಅವನು ಅಜ್ಜಿಯ ಮುಂದೆ ನೆಲದ ಮೇಲೆ ಕೂತು, ಅಂಗಿ ಸರಿಮಾಡಿಕೊಂಡು, ಧನಲಕ್ಷ್ಮಿಯನ್ನು ತನಗೆ ಮದುವೆ ಮಾಡಿಕೊಡಬೇಕೆಂದು ಒಂದೇ ಉಸಿರಿನಲ್ಲಿ ಕೇಳಿದ. ಹೋಟೆಲಿನಲ್ಲಿ ಮಿಕ್ಕಿದ್ದವರೆಲ್ಲ ಉಣ್ಣುವುದನ್ನು ನಿಲ್ಲಿಸಿದರು. ಅಜ್ಜಿ ಬೆರಳು ನೆಕ್ಕಿಕೊಂಡರು.

"ಬ್ಯಾಡ ಬುಡಪ್ಪ," ಅಂದರು. "ನಿಮ್ದೇ ಬ್ಯಾರೆ, ನಮ್ದೇ ಬ್ಯಾರೆ."

ನಾನು ಒಳಗೊಳಗೇ ಹಿಗ್ಗಿದೆ. ನಮ್ಮ ಮನೆಯಲ್ಲಿ ಅಜ್ಜಿಯ ಮೊದಲ ಮಾತನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಕಾಫಿಗೂ ಬೇಡ, ಹಬ್ಬದ ಸೀರೆಗೂ ಬೇಡ, ತಿರುಪತಿಗೂ ಬೇಡ. ಇನ್ನೊಂದು ಸಲ ಕೇಳಬೇಕು, ಆಗ ಅಜ್ಜಿಯ ನಿಜವಾದ ಮಾತು ಬರುತ್ತದೆ. ನಿಜವಾಗಿ ಬೇಡವಾಗಿದ್ದರೆ ಅಜ್ಜಿ ಮೊದಲೇ ಬೈದು ಕಳಿಸುತ್ತಿದ್ದರು, ಹೀಗೆ ಬೆರಳು ನೆಕ್ಕುತ್ತಾ ಕೂರುತ್ತಿರಲಿಲ್ಲ. ಅಪ್ಪನ ಮುಖದಲ್ಲೂ ನಗು ಮೂಡಿತು. ಎಲ್ಲರೂ ಶರಣುವಿನ ಮುಂದಿನ ಮಾತಿಗಾಗಿ ಕಾದೆವು.

ಶರಣು ಎದ್ದು ನಿಂತ. ಎರಡೂ ಕೈ ಜೋಡಿಸಿದ. "ಆತ್ರಿ ಅಜ್ಜಿ," ಅಂದ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ನಾನು ಓಡಿ ಬಾಗಿಲಿಗೆ ಬರುವಷ್ಟರಲ್ಲಿ ಯಲಹಂಕದ ಬಸ್ಸು ಹತ್ತಿಯಾಗಿತ್ತು.

ಒಳಗೆ ಬಂದರೆ ಅಜ್ಜಿ ಮುದ್ದೆಯ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಬಾಗಿಲನ್ನು ನೋಡುತ್ತಿದ್ದರು.

"ಓಗೇಬುಟ್ನಾ?" ಅಂದರು. "ಇನ್ನೊಂದ್ ಮಾತು ಕೇಳಾಕೇನಾಗಿತ್ತು ಅವ್ನಿಗೆ?"

ಅದು ಸಿಟ್ಟಿನ ದನಿಯಲ್ಲ. ಅಜ್ಜಿಗೆ ನೋವಾಗಿತ್ತು. ಮೊಮ್ಮಗಳನ್ನು ಒಂದೇ ಮಾತಿಗೆ ಬಿಟ್ಟು ಹೋಗುವವನು ಕಷ್ಟ ಬಂದಾಗ ಜೊತೆಗೆ ನಿಲ್ಲುತ್ತಾನಾ ಎಂದು ಅಪ್ಪನನ್ನು ಕೇಳಿ, ಹೋಟೆಲಿನ ಹಿಂದಿನ ಮನೆಗೆ ಹೋಗಿ ಮಲಗಿಬಿಟ್ಟರು. ಸಾರು ಆರಿ ಕೆನೆಗಟ್ಟಿತು. ನನಗೆ ಅಳು ಬಂತು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ಹುಡುಕಿದರೆ ನಾನೊಬ್ಬಳೇ ಸಿಗುತ್ತಿದ್ದೆ.

ಫೋನು ಮಾಡಿದೆ. ಯಾಕೆ ಎದ್ದು ಹೋದೆ, ಇನ್ನೊಂದು ಸಲ ಕೇಳಬಾರದಿತ್ತಾ ಎಂದು ಬೈದೆ.

"ಎರಡನೇ ಸಲ ಕೇಳಬ್ಯಾಡ, ಮರ್ಯಾದಿಯಿಂದ ವಾಪಸ್ ಬಾ ಅಂದಾಕಿ ಯಾರು?" ಅಂದ. ಅವನ ದನಿ ನಡುಗುತ್ತಿತ್ತು. ಬಸ್ಸಿನಲ್ಲಿ ಅಳುತ್ತಾ ಕೂತಿದ್ದಾನೆಂದು ಆಗ ಗೊತ್ತಾಯಿತು. ಅದು ಕರ್ನಲ್ಲಿಗೆ ಹೇಳಿದ್ದು ಮಾರಾಯ, ಅಜ್ಜಿಗಲ್ಲ ಎಂದೆ. ಹೊರಗಿನವರನ್ನ ನಂಬಬ್ಯಾಡ ಅಂದಿದ್ದಿ, ನಿಮ್ಮ ಮನಿಯವರು ಹೊರಗಿನವರೋ ಒಳಗಿನವರೋ ಅಂತ ಮಾತ್ರ ಹೇಳಿರಲಿಲ್ಲ ಅಂದ.

ಮನೆಯ ಮೊಗಸಾಲೆಯಲ್ಲಿ ನಿಂತು ಇಷ್ಟೆಲ್ಲ ಕಿರುಚಿದ್ದು ಒಳಗೆ ಮಲಗಿದ್ದ ಅಜ್ಜಿಯ ಕಿವಿಗೆ ಬೀಳದೆ ಇರುತ್ತದೆಯೇ. ಎದ್ದು ಬಂದರು. ಅವನಿಗೆ ನಾನು ಏನು ಹೇಳಿಕೊಟ್ಟಿದ್ದೆ ಎಂದು ಕೇಳಿದರು. ಸಪ್ಲಯರ್, ಅಡುಗೆಮನೆ, ಕೊಡದಂಥ ಮುದ್ದೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡು, ನನ್ನನ್ನು ಓದಿಸಿದ್ದು ದಂಡ ಎಂದು ಅಪ್ಪನಿಗೆ ಹೇಳಿ, ಒಗೆದ ಸೀರೆ ಉಟ್ಟು, ಆಟೊ ಕರೆಸಿ, ನನ್ನನ್ನೂ ಕೂರಿಸಿಕೊಂಡರು.

ಅಟ್ಟೂರಿನ ಮನೆಯಲ್ಲಿ ಚನ್ನಕ್ಕ ಬಾಗಿಲಿಗೆ ಬಂದವರು ಅಜ್ಜಿಯನ್ನು ಕಂಡು ತಬ್ಬಿಬ್ಬಾದರು. ಶರಣು ಕೋಣೆಯೊಳಗೆ ಸೇರಿಕೊಂಡಿದ್ದ. ಆದದ್ದೆಲ್ಲ ಅವರಿಗೆ ಗೊತ್ತಾಗಿತ್ತೆಂದು ಮುಖವೇ ಹೇಳುತ್ತಿತ್ತು. ಆದರೂ ಬಂದವರಿಗೆ ಉಪಚಾರ ತಪ್ಪುತ್ತದೆಯೇ, ಇಬ್ಬರಿಗೂ ತಟ್ಟೆ ಹಾಕಿದರು. ಅಜ್ಜಿ ಏನೂ ಬೇಡ ಅಂದರು. ಚನ್ನಕ್ಕ ಕೇಳಿಸದವರ ಹಾಗೆ ರೊಟ್ಟಿ ಹಾಕಿದರು. ಅಜ್ಜಿ ಸಾಕು ಅಂದರು. ಎಣ್ಣೆಗಾಯಿ ಬಿತ್ತು. ಅಜ್ಜಿ ಕೈ ಅಡ್ಡ ಹಿಡಿದರು. ಬೆರಳ ಸಂದಿಯಲ್ಲೇ ಹೋಳಿಗೆಯೂ ಬಂದು ಕೂತಿತು. ಅಜ್ಜಿ ಎಲ್ಲವನ್ನೂ ಗೊಣಗುತ್ತಾ ಚೊಕ್ಕವಾಗಿ ಮುಗಿಸಿದರು. ಬಾಡು ಇಲ್ಲದ ಊಟವನ್ನು ಅಜ್ಜಿ ಇಷ್ಟು ಖುಷಿಯಿಂದ ಉಂಡದ್ದನ್ನು ನಾನು ನೋಡಿಯೇ ಇರಲಿಲ್ಲ. ಬಂದ ಕಾರಣದ ಸುದ್ದಿಯನ್ನು ಮಾತ್ರ ಎತ್ತಲಿಲ್ಲ.

ಕೊನೆಗೆ ಕೈ ತೊಳೆದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಅಜ್ಜಿ ಕೋಣೆಯ ಕಡೆ ತಿರುಗಿ ಶರಣುವನ್ನು ಕರೆದರು. ಅವನು ಕಣ್ಣು ಕೆಂಪಗೆ ಮಾಡಿಕೊಂಡು ಬಂದು ನಿಂತ.

"ನೀನು ಇನ್ನೊಂದ್ ಕಿತ ಏನೋ ಕೇಳ್ಬೇಕಾಗಿತ್ತು, ಮರ್ತು ಬಂದ್ಬುಟ್ಟೆ," ಅಂದರು ಅಜ್ಜಿ. "ಅದ್ಕೇ ನಾನೇ ಬಂದೆ. ಕೇಳು."

ಶರಣು ನನ್ನ ಮುಖ ನೋಡಿದ. ಒಪ್ಪಿಗೆಗಾಗಿ ಕೋಡು ಕಳಿಸಿ ನಿಲ್ಲುವಾಗ ನೋಡುತ್ತಾನಲ್ಲ, ಹಾಗೆಯೇ ನೋಡಿದ. ಈ ಹುಡುಗನನ್ನು ಕಂಡರೆ ನನಗೆ ಎಷ್ಟು ಇಷ್ಟ ಎಂಬುದು ಆ ಕ್ಷಣಕ್ಕೆ ನನಗೇ ಹೊಸದಾಗಿ ಗೊತ್ತಾಯಿತು.

"ಕೇಳೋ," ಅಂದೆ.

ಅವನು ಕೇಳಿದ. ಈ ಸಲ ಒಂದೇ ಉಸಿರಿನಲ್ಲಲ್ಲ. ತಡವರಿಸುತ್ತಾ, ನಡುವೆ ನಿಲ್ಲಿಸುತ್ತಾ, ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆಂದು ಸೇರಿಸಿ ಕೇಳಿದ. ಅಜ್ಜಿ ಅವನ ತಲೆಯ ಮೇಲೆ ಕೈಯಿಟ್ಟರು.

"ಆಗ್ಲಿ ಕಣಪ್ಪ. ಕರ್ಕೊಂಡೋಗು. ಮುಂಗೋಪಿ ಅವ್ಳು, ವಸಿ ತಡ್ಕೊ."

ಚನ್ನಕ್ಕನ ಕಣ್ಣು ತುಂಬಿ ಬಂತು. ಅವರು ಅಜ್ಜಿಯ ಎರಡೂ ಕೈ ಹಿಡಿದುಕೊಂಡು, ಹುಟ್ಟಿದಾಗಿನಿಂದ ಬಂದ ರೂಢಿಯಂತೆ, "ಖರೇನ ಏನ್ರಿ ಅಜ್ಜಿ? ಇನ್ನೊಮ್ಮೆ..." ಎಂದು ಬಾಯಿ ತೆರೆದರು.

ನಾನು ನನ್ನ ತಟ್ಟೆಯಲ್ಲಿ ಉಳಿದಿದ್ದ ಹೋಳಿಗೆಯನ್ನು ಇಡಿಯಾಗಿ ಅವರ ಬಾಯಿಗಿಟ್ಟುಬಿಟ್ಟೆ.